ಡಿಗ್ರಿಯಲ್ಲಿ ವಿಷಯ ಬದಲಾಯಿಸೋದು, ಬ್ಯಾಕ್ ಉಳಿದರೆ ಮುಂದಿನ ಸೆಮ್‌ಗೆ ಹೋಗೋದು: ಗೊತ್ತಿರುವವರು ದಯವಿಟ್ಟು ಹೇಳಿ

ಹಳ್ಳಿ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಪಿಯುಸಿ ಆರ್ಟ್ಸ್ ಮುಗಿಸಿ ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಬಿಎಗೆ ಸೇರಿ ಮೂರು ವಾರ ಆಯಿತು. ಮೂರು ವರ್ಷದ ಹೊಸ ಪದ್ಧತಿ, ಎಸ್‌ಇಪಿ ಅಂದರೆ ರಾಜ್ಯ ಶಿಕ್ಷಣ ನೀತಿ. ಅವಳಿಗೆ ಬೇಕಿದ್ದದ್ದು ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ. ಪ್ರವೇಶದ ದಿನ ಬೆಳಗ್ಗೆ ಹತ್ತಕ್ಕೆ ಸಾಲಿನಲ್ಲಿ ನಿಂತವಳು ಕೌಂಟರ್ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ಭೂಗೋಳಕ್ಕೆ ಪ್ರಾಕ್ಟಿಕಲ್ ಇದೆ, ಸೀಟು ಕಡಿಮೆ, "ಸಮಾಜಶಾಸ್ತ್ರ ತಗೋಮ್ಮ, ಸುಲಭ, ನಿನ್ನ ಗೆಳತಿಯರೆಲ್ಲ ಅದನ್ನೇ ತಗೊಂಡಿದ್ದಾರೆ" ಅಂದರಂತೆ. ಹಿಂದೆ ಇನ್ನೂ ನಲವತ್ತು ಜನ ನಿಂತಿದ್ದರು, ಇವಳು ಹೂಂ ಅಂದು ಸಹಿ ಹಾಕಿ ಬಂದಿದ್ದಾಳೆ.

ಮನೆಗೆ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ಮೇಡಂ ಅಂದರೆ ಅವಳಿಗೆ ಪ್ರಾಣ, ತಾನೂ ಟೀಚರ್ ಆಗಬೇಕು ಅಂತ ಆಗಿನಿಂದ ಹೇಳುತ್ತಿದ್ದಾಳೆ. ನಾನು ಓದಿದ್ದು ಐಟಿಐ, ನನಗೆ ಈ ಸೆಮಿಸ್ಟರ್, ಕ್ರೆಡಿಟ್ ಒಂದೂ ಅರ್ಥವಾಗುವುದಿಲ್ಲ. ಈಗ ವಿಷಯ ಬದಲಾಯಿಸಬಹುದಾ? ಬದಲಾಯಿಸಿದರೆ ಕಳೆದ ಮೂರು ವಾರದ ಹಾಜರಾತಿ ಏನಾಗುತ್ತದೆ? ಇನ್ನೊಂದು, ಮೊದಲ ಸೆಮ್‌ನಲ್ಲಿ ಒಂದು ಪೇಪರ್ ಹೋದರೆ ಎರಡನೆಯದಕ್ಕೆ ಬಿಡುತ್ತಾರಾ ಇಲ್ವಾ ಅಂತ ಅವಳಿಗೆ ಈಗಲೇ ಭಯ.

ಅತಿಥಿ ಉಪನ್ಯಾಸಕಿ

ನಿಮ್ಮ ತಂಗಿಯನ್ನು ನಾಳೆಯೇ ಕಾಲೇಜಿಗೆ ಕಳಿಸಿ, ಸೋಮವಾರ ನೋಡೋಣ ಅನ್ನಬೇಡಿ. ಪ್ರಾಂಶುಪಾಲರ ಹೆಸರಿಗೆ ಒಂದು ಅರ್ಜಿ, ಸಮಾಜಶಾಸ್ತ್ರದ ಬದಲು ಭೂಗೋಳ ಬೇಕು ಅಂತ ನಾಲ್ಕು ಸಾಲು ಸಾಕು. ಆದರೆ ಅರ್ಜಿ ಕೊಡುವ ಮೊದಲು ಭೂಗೋಳ ವಿಭಾಗದ ಮುಖ್ಯಸ್ಥರನ್ನು ನೋಡಿ ಅವರ ಸಹಿ ಹಾಕಿಸಿಕೊಳ್ಳಲಿ, ಯಾಕೆಂದರೆ ಸೀಟು ಖಾಲಿ ಇದೆಯೋ ಇಲ್ಲವೋ ಅನ್ನೋದು ಆಫೀಸಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಎರಡು ಮೂರು ವಾರದಲ್ಲಿ ಕೆಲವು ಮಕ್ಕಳು ಬೇರೆ ಕಾಲೇಜಿಗೆ ಹೋಗುತ್ತಾರೆ, ಕೆಲವರು ಡಿ.ಎಡ್, ನರ್ಸಿಂಗ್ ಅಂತ ಟಿಸಿ ತಗೊಳ್ಳುತ್ತಾರೆ. ಪ್ರವೇಶದ ದಿನ ತುಂಬಿದ್ದ ವಿಷಯದಲ್ಲಿ ಈಗ ಜಾಗ ಇರಬಹುದು.

ತಡ ಮಾಡಬಾರದು ಅಂತ ಯಾಕೆ ಹೇಳುತ್ತೇನೆ ಅಂದರೆ, ಈಗ ಪ್ರವೇಶ, ವಿಷಯದ ಆಯ್ಕೆ, ಪರೀಕ್ಷೆ ಶುಲ್ಕ, ಅಂಕಪಟ್ಟಿ ಎಲ್ಲ ಯುಯುಸಿಎಂಎಸ್ ಅನ್ನೋ ಒಂದೇ ತಂತ್ರಾಂಶದಲ್ಲಿ ನಡೆಯುತ್ತದೆ. ಅದರಲ್ಲಿ ವಿಷಯ ತಿದ್ದಲು ವಿಶ್ವವಿದ್ಯಾಲಯ ಒಂದಿಷ್ಟು ದಿನ ಮಾತ್ರ ಅವಕಾಶ ಕೊಡುತ್ತದೆ. ಆ ಅವಧಿ ಮುಗಿದ ಮೇಲೆ ಪ್ರಾಂಶುಪಾಲರು ಒಪ್ಪಿದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಪರೀಕ್ಷೆಗೆ ಹೆಸರು ನೋಂದಾಯಿಸಿದ ಮೇಲಂತೂ ಮುಗಿಯಿತು ಅಂತಲೇ ತಿಳಿಯಿರಿ.

ಹಾಜರಾತಿ ಸಾಮಾನ್ಯವಾಗಿ ಪ್ರತಿ ಪತ್ರಿಕೆಗೂ 75 ಶೇಕಡಾ ಇರಬೇಕು. ಮೂರು ವಾರ ತಪ್ಪಿದ್ದು ಮುಂದೆ ಸರಿಯಾಗಿ ಹೋದರೆ ತುಂಬಿಬಿಡುತ್ತದೆ. ಹೊಸ ವಿಭಾಗದವರ ಹತ್ತಿರ "ಇಂಥ ದಿನದಿಂದ ಸೇರಿದ್ದಾಳೆ" ಅಂತ ಹಾಜರಿ ಪುಸ್ತಕದಲ್ಲೇ ಬರೆಸಿಕೊಳ್ಳಲಿ. ಬಾಯಿಮಾತು ನಂಬಿ ಕೂರಬೇಡಿ, ಸೆಮ್ ಕೊನೆಗೆ ಪಟ್ಟಿ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ.

ಬಿ.ಎಡ್ ಮುಗಿಸಿದವಳು

ಅಣ್ಣ, ಟೀಚರ್ ಆಗಬೇಕು ಅನ್ನುವವರಿಗೆ ಈ ಮೂರು ವಿಷಯ ಆರಿಸೋದು ಎಷ್ಟು ಮುಖ್ಯ ಅಂತ ನಮಗೂ ಯಾರೂ ಹೇಳಿರಲಿಲ್ಲ. ಬಿ.ಎಡ್‌ನಲ್ಲಿ ಎರಡು ಬೋಧನಾ ವಿಷಯ ತಗೋಬೇಕು, ಅವು ಡಿಗ್ರಿಯಲ್ಲಿ ಓದಿದ ವಿಷಯಗಳಿಗೆ ಹೊಂದಬೇಕು. ಡಿಗ್ರಿಯಲ್ಲಿ ಒಟ್ಟು 50 ಶೇಕಡಾ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 45. ಬರೀ ಪಾಸಾದರೆ ಸಾಕು ಅಂದುಕೊಂಡ ನನ್ನ ಗೆಳತಿ 48ಕ್ಕೆ ನಿಂತಳು, ಈಗ ಅವಳು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಳೆ.

ನಮ್ಮ ರಾಜ್ಯದ ಹತ್ತನೇ ತರಗತಿ ಸಮಾಜ ವಿಜ್ಞಾನ ಪುಸ್ತಕ ತೆಗೆದು ನೋಡಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಆರು ಭಾಗ ಇವೆ. ಸಮಾಜಶಾಸ್ತ್ರ ಓದಿದರೆ ಟೀಚರ್ ಆಗುವ ದಾರಿ ಮುಚ್ಚಿತು ಅಂತೇನಿಲ್ಲ. ಆದರೆ ತರಗತಿಯಲ್ಲಿ ನಿಂತು ಭಾರತದ ನಕ್ಷೆ ಬಿಡಿಸಿ ನದಿ ಗುರುತಿಸಬೇಕಾದಾಗ ಡಿಗ್ರಿಯಲ್ಲಿ ಭೂಗೋಳ ಓದಿದವರಿಗೂ ಓದದವರಿಗೂ ಇರುವ ವ್ಯತ್ಯಾಸ ನಾನು ನನ್ನ ಬೋಧನಾ ಅಭ್ಯಾಸದಲ್ಲೇ ನೋಡಿದ್ದೇನೆ. ನಾನು ಓದದವಳು. ಹಿಂದಿನ ದಿನ ರಾತ್ರಿ ಹನ್ನೊಂದರ ತನಕ ಕೂತು ಗೋದಾವರಿ, ಕೃಷ್ಣಾ ಉಪನದಿಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ.

ಇನ್ನೊಂದು ಕೆಲಸ ಮಾಡಿ. ಶಿಕ್ಷಕರ ನೇಮಕಾತಿಯ ಹಳೇ ಅಧಿಸೂಚನೆಗಳು ಸಿಗುತ್ತವೆ, ಅದರಲ್ಲಿ ಯಾವ ಹುದ್ದೆಗೆ ಡಿಗ್ರಿಯಲ್ಲಿ ಯಾವ ವಿಷಯ ಇರಬೇಕು ಅಂತ ಪಟ್ಟಿ ಇರುತ್ತದೆ. ಅದನ್ನು ಪ್ರಿಂಟ್ ತೆಗೆಸಿ ತಂಗಿಯ ಕೈಗೆ ಕೊಡಿ. ನಾವು ಮೂರನೇ ವರ್ಷದಲ್ಲಿ ಓದಿದ್ದನ್ನು ಅವಳು ಮೊದಲ ವರ್ಷದಲ್ಲೇ ಓದಲಿ.

ಎನ್‌ಇಪಿ ಬ್ಯಾಚ್

ನನ್ನದು 2022ರ ಪ್ರವೇಶ, ಬಿಕಾಂ. ಬ್ಯಾಕ್ ಬಗ್ಗೆ ಕೇಳಿದ್ದೀರಿ, ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ.

ಎನ್‌ಇಪಿಯಲ್ಲಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಪದ್ಧತಿಯಲ್ಲಿ, ನಮಗೆ ಇಂಟರ್ನಲ್ (ಕಾಲೇಜಿನಲ್ಲೇ ಕೊಡುವ ಅಂಕ) 40, ಪರೀಕ್ಷೆ 60 ಇತ್ತು. ಒಂದು ಪೇಪರಲ್ಲಿ ನನಗೆ ಇಂಟರ್ನಲ್ 36 ಬಂದಿತ್ತು. ಪರೀಕ್ಷೆಯಲ್ಲಿ 19. ಒಟ್ಟು 55, ನೂರಕ್ಕೆ ಐವತ್ತೈದು ಬಂದಿದೆಯಲ್ಲ ಅಂತ ಸಂತೋಷವಾಗಿ ಮನೆಯಲ್ಲಿ ಹೇಳಿಯೂ ಆಗಿತ್ತು. ಅಂಕಪಟ್ಟಿಯಲ್ಲಿ ಫೇಲ್. ಒಟ್ಟು 40 ಬಂದರೆ ಸಾಲದು, ಪರೀಕ್ಷೆಯಲ್ಲೇ ಬೇರೆಯಾಗಿ 35 ಶೇಕಡಾ ಬರಬೇಕು, ಅರವತ್ತಕ್ಕೆ 21. ಎರಡು ಅಂಕ. ಎರಡೇ ಎರಡು ಅಂಕ. ಈ ನಿಯಮ ಸೇರಿದ ದಿನ ಯಾರಾದರೂ ಹೇಳಿದ್ದರೆ ನಾನು ಇಂಟರ್ನಲ್ ನಂಬಿಕೊಂಡು ಆ ಪೇಪರನ್ನು ಕಡೆಗೆ ತಳ್ಳುತ್ತಿರಲಿಲ್ಲ.

ಮುಂದಿನ ಸೆಮ್‌ಗೆ ಬಿಡುತ್ತಾರೆ, ಅದಕ್ಕೆ ಭಯ ಬೇಡ. ನಮ್ಮಲ್ಲಿ ಬಿಎ, ಬಿಕಾಂ, ಬಿಎಸ್ಸಿಗೆ ಬಾಕಿ ಪೇಪರ್ ಹೊತ್ತುಕೊಂಡೇ ಮುಂದೆ ಹೋಗಬಹುದು, ವರ್ಷ ಕಳೆಯುವುದಿಲ್ಲ. ಆದರೆ ಹೊತ್ತುಕೊಂಡು ಹೋಗುವುದು ಅಂದರೆ ನಿಜವಾಗಿ ಹೊರುವುದೇ. ಮೊದಲ ಸೆಮ್ ಪೇಪರು ಮತ್ತೆ ಮೊದಲ ಸೆಮ್ ಪರೀಕ್ಷೆ ನಡೆಯುವಾಗಲೇ ಬಂತು, ಅಂದರೆ ಒಂದು ವರ್ಷ ಕಾದೆ. ಅಷ್ಟರಲ್ಲಿ ಪಾಠ ಮಾಡಿದ್ದ ಸರ್ ಬೇರೆ ಕಾಲೇಜಿಗೆ ಹೋಗಿದ್ದರು. ಮೂರನೇ ಸೆಮ್ ಪರೀಕ್ಷೆ ಇವತ್ತು, ನಾಡಿದ್ದು ಈ ಬಾಕಿ ಪೇಪರ್, ಮಾರನೇ ದಿನ ಮತ್ತೆ ಮೂರನೇ ಸೆಮ್. ಆ ಹದಿನೈದು ದಿನ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಇಂಜಿನಿಯರಿಂಗ್ ಹಳಬ

ಇಷ್ಟಾದರೂ ಬಿಎ, ಬಿಕಾಂನವರು ಪುಣ್ಯವಂತರು. ನಾವು ಓದುವಾಗ ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುನಲ್ಲಿ ಕ್ರಿಟಿಕಲ್ ಇಯರ್ ಬ್ಯಾಕ್ ಅಂತ ಒಂದಿತ್ತು. ಮೊದಲ ವರ್ಷದಲ್ಲಿ ಒಂದೇ ಒಂದು ವಿಷಯ ಬಾಕಿ ಇದ್ದರೂ ಐದನೇ ಸೆಮ್‌ಗೆ ಕಾಲಿಡುವ ಹಾಗಿರಲಿಲ್ಲ. ಎರಡನೇ ವರ್ಷದ್ದು ಪೂರ್ತಿ ಪಾಸಾಗಿದ್ದರೂ ಮೊದಲ ವರ್ಷದ ಒಂದು ಗಣಿತಕ್ಕಾಗಿ ಇಡೀ ವರ್ಷ ಮನೆಯಲ್ಲಿ ಕೂತ ಹುಡುಗರು ನನ್ನ ಹಾಸ್ಟೆಲಿನಲ್ಲೇ ಆರು ಜನ ಇದ್ದರು. ಊರಿಗೆ ಹೋದರೆ "ಯಾಕಪ್ಪ ಕಾಲೇಜು ಇಲ್ವಾ" ಅಂತ ಕೇಳುತ್ತಾರೆ ಅಂತ ಊರಿಗೂ ಹೋಗದೆ ಬೆಂಗಳೂರಿನಲ್ಲಿ ಸುಮ್ನೆ ರೂಮು ಮಾಡಿಕೊಂಡು ಇದ್ದರು.

ಈಗಿನ ಇಂಜಿನಿಯರಿಂಗ್ ಮಕ್ಕಳು ಓದುತ್ತಿದ್ದರೆ ಅವರಿಗೂ ಎರಡು ಮಾತು. 2022ರ ಸ್ಕೀಮ್‌ನಲ್ಲಿ ಡಿಗ್ರಿಗೆ 160 ಕ್ರೆಡಿಟ್. ಇಂಟರ್ನಲ್‌ನಲ್ಲಿ 50ಕ್ಕೆ 20 ಬರಲೇಬೇಕು, ಪರೀಕ್ಷೆಯಲ್ಲಿ 35 ಶೇಕಡಾ, ಎರಡೂ ಸೇರಿ 40. ಇಲ್ಲಿ ಇಂಟರ್ನಲ್ ಹೋದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಅದು ಬಿಕಾಂ ತಮ್ಮ ಹೇಳಿದ್ದಕ್ಕೆ ಉಲ್ಟಾ. ಓಪನ್ ಎಲೆಕ್ಟಿವ್, ಅಂದರೆ ನಾವೇ ಆರಿಸಿಕೊಳ್ಳುವ ವಿಷಯ, ಬೇರೆ ವಿಭಾಗದ್ದೇ ಆಗಿರಬೇಕು, ನಿಮ್ಮ ಬ್ರಾಂಚಿನದ್ದು ತಗೊಳ್ಳೋಕೆ ಆಗಲ್ಲ. ಮತ್ತೆ ಆ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕೇಳುವ, ಪಾಠದ ಹೊರಗಿನ ಚಟುವಟಿಕೆಯ 100 ಅಂಕ. ಅದಕ್ಕೆ ಕ್ರೆಡಿಟ್ ಇಲ್ಲ ಅಂತ ಎಲ್ಲರೂ ಕಡೆಗಣಿಸುತ್ತಾರೆ, ಎಂಟನೇ ಸೆಮ್‌ನಲ್ಲಿ ಕೆಲಸ ಸಿಕ್ಕಿ ಅಂಕಪಟ್ಟಿ ಬೇಕಾದಾಗ ಅದೇ ಅಡ್ಡ ಬರುತ್ತದೆ. ಎರಡನೇ ವರ್ಷದಲ್ಲೇ ಮುಗಿಸಿಕೊಳ್ಳಿ.

ಸುಮ್ಮನೆ ಓದುವವ

ನನಗೆ ಒಂದು ಮಾತು ಒಪ್ಪಿಗೆ ಆಗುತ್ತಿಲ್ಲ. ಸಮಾಜಶಾಸ್ತ್ರವಾದರೇನು ಭೂಗೋಳವಾದರೇನು, ಕಡೆಗೆ ನೋಡೋದು ಶೇಕಡಾವಾರು ಅಲ್ವಾ? ಸುಲಭದ ವಿಷಯ ತಗೊಂಡು 75 ಮಾಡಿಕೊಳ್ಳೋದು ಒಳ್ಳೇದು. ಕೆಎಎಸ್, ಎಫ್‌ಡಿಎ ಎಲ್ಲದಕ್ಕೂ ಯಾವುದಾದರೂ ಡಿಗ್ರಿ ಇದ್ದರೆ ಸಾಕು.

ಅತಿಥಿ ಉಪನ್ಯಾಸಕಿ

ಎಫ್‌ಡಿಎಗೆ ಸಾಕು, ಒಪ್ಪುತ್ತೇನೆ. ಆದರೆ ಈ ಹುಡುಗಿ ಕೇಳುತ್ತಿರುವುದು ಟೀಚರ್ ಕೆಲಸ. ಎಂಎ ಮಾಡಿ ಉಪನ್ಯಾಸಕಿ ಆಗಬೇಕು ಅಂತ ಅವಳಿಗೆ ಮುಂದೆ ಅನ್ನಿಸಬಹುದು. ಡಿಗ್ರಿಯಲ್ಲಿ ಭೂಗೋಳ ಓದದೆ ಭೂಗೋಳದ ಪಿಜಿ ಕೇಳಿಕೊಂಡು ಹೋದವರು ವಾಪಸ್ ಬಂದದ್ದನ್ನು ನಾನೇ ನೋಡಿದ್ದೇನೆ.

ಸುಲಭ ಅನ್ನೋ ಮಾತೂ ನನಗೆ ಬೇಸರ ತರಿಸುತ್ತದೆ. ಕೌಂಟರಿನಲ್ಲಿ "ಇದು ಸುಲಭ" ಅಂತ ಹೇಳುವವರಿಗೆ ಎಷ್ಟೋ ಸಲ ಬೇರೆ ಲೆಕ್ಕ ಇರುತ್ತದೆ. ಒಂದು ವಿಷಯಕ್ಕೆ ಮಕ್ಕಳು ಕಡಿಮೆಯಾದರೆ ಆ ವಿಭಾಗದ ಕಾರ್ಯಭಾರ, ಅಂದರೆ ಪಾಠದ ಗಂಟೆಗಳು, ಕಡಿಮೆಯಾಗುತ್ತದೆ, ಮುಂದಿನ ವರ್ಷ ಆ ವಿಷಯವೇ ಕಾಲೇಜಿನಲ್ಲಿ ಉಳಿಯದೆ ಹೋಗಬಹುದು. ನಮ್ಮಂಥ ಅತಿಥಿಗಳ ಕೆಲಸ ನಿಂತಿರುವುದೇ ಆ ಗಂಟೆಗಳ ಮೇಲೆ. ಹಾಗಾಗಿ ಪ್ರವೇಶದ ದಿನ ಪ್ರತಿಯೊಬ್ಬರೂ ಮಕ್ಕಳನ್ನು ತಮ್ಮ ವಿಷಯದ ಕಡೆ ಎಳೆಯುತ್ತಾರೆ. ನಾನೂ ಎಳೆದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಮಕ್ಕಳು ತಮಗೇನು ಬೇಕು ಅಂತ ಮನೆಯಲ್ಲೇ ಬರೆದುಕೊಂಡು ಬಂದರೆ ಯಾರು ಎಳೆದರೂ ಬೀಳುವುದಿಲ್ಲ.

ಎನ್‌ಇಪಿ ಬ್ಯಾಚ್

ಮೇಡಂ ಹೇಳಿದ್ದು ನಿಜ. ನಮಗೆ ಓಪನ್ ಎಲೆಕ್ಟಿವ್ ಅಂತ ಇತ್ತು, ಕಾಮರ್ಸ್‌ನವರು ಸಾಹಿತ್ಯ, ವಿಜ್ಞಾನ ಏನು ಬೇಕಾದರೂ ಓದಬಹುದು ಅಂತ ಮೊದಲ ದಿನ ಹೇಳಿದರು. ಖುಷಿಯಿಂದ ಮನಶ್ಶಾಸ್ತ್ರ ಕೇಳಿದೆ. ಆ ಮೇಷ್ಟ್ರೇ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಇದ್ದದ್ದು ಎರಡೇ ಆಯ್ಕೆ, ಅದರಲ್ಲಿ ಒಂದು ನಮ್ಮ ಬೇರೆ ತರಗತಿಯ ಸಮಯಕ್ಕೇ ಬೀಳುತ್ತಿತ್ತು. ಕಾಗದದ ಮೇಲೆ ಬಾಗಿಲು ಹತ್ತು, ತೆರೆದಿದ್ದದ್ದು ಒಂದು.

ಗುಬ್ಬಿ ಮನೆ

ನಾಲ್ಕನೇ ವರ್ಷದ ಆನರ್ಸ್ ಈಗ ಇದೆಯಾ ಇಲ್ವಾ? ನನ್ನ ಮಗ 2023ರಲ್ಲಿ ಸೇರಿದವನು, ಅವನ ತಮ್ಮ 2024ರಲ್ಲಿ. ಒಂದೇ ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ನಿಯಮ ಅಂತಾರೆ, ತಲೆ ಕೆಟ್ಟು ಹೋಗಿದೆ.

ಅತಿಥಿ ಉಪನ್ಯಾಸಕಿ

ನಿಮ್ಮ ಮನೆಯ ಹಾಗೆ ತುಂಬಾ ಮನೆಗಳಿವೆ ಅಕ್ಕ. ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ ಬಂತು, ನಾಲ್ಕು ವರ್ಷದ ಆನರ್ಸ್, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ಆಮೇಲೆ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಮಾಡಿದರು, ಅವರ ಮಧ್ಯಂತರ ವರದಿ ನೋಡಿಕೊಂಡು 2024ರ ಮೇ ತಿಂಗಳಲ್ಲಿ ಆದೇಶ ಬಂತು. 2024-25ರಿಂದ ಸೇರುವವರಿಗೆ ಮತ್ತೆ ಮೂರು ವರ್ಷದ ಡಿಗ್ರಿ. ಅದಕ್ಕಿಂತ ಮೊದಲು ಸೇರಿದ ಮೂರು ಬ್ಯಾಚ್‌ನವರು ಎನ್‌ಇಪಿಯಲ್ಲೇ ಮುಂದುವರಿಯುತ್ತಾರೆ, ಬೇಕಾದವರು ನಾಲ್ಕನೇ ವರ್ಷ ಓದಬಹುದು. ದೊಡ್ಡವನಿಗೆ ಆ ಅವಕಾಶ ಉಂಟು, ಚಿಕ್ಕವನಿಗೆ ಮೂರು ವರ್ಷ.

ದೊಡ್ಡವನಿಗೆ ಸಂಶೋಧನೆ ಕಡೆ ಮನಸ್ಸಿದ್ದರೆ ಒಂದು ವಿಚಾರ. ಯುಜಿಸಿ ನಿಯಮದ ಪ್ರಕಾರ ಸಂಶೋಧನೆ ಇರುವ ಆನರ್ಸ್‌ಗೆ ಮೊದಲ ಆರು ಸೆಮ್‌ನಲ್ಲಿ 75 ಶೇಕಡಾ ಬೇಕು. ನಾಲ್ಕು ವರ್ಷ ಓದಿದವರಿಗೆ ಎಂಎ ಒಂದೇ ವರ್ಷದ್ದೂ ಇದೆ. ಆದರೆ ನಿಮ್ಮೂರಿನ ಕಾಲೇಜಿನಲ್ಲಿ ನಾಲ್ಕನೇ ವರ್ಷ ನಡೆಸುತ್ತಾರಾ, ಅವನು ಸೇರಬೇಕು ಅಂದುಕೊಂಡಿರುವ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂಎ ಇದೆಯಾ, ಎರಡನ್ನೂ ಕೇಳಿ ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಿ.

ದೊಡ್ಡವನಿಗೆ ಬಾಕಿ ಪೇಪರ್ ಏನಾದರೂ ಇದ್ದರೆ ಬೇಗ ಮುಗಿಸಲು ಹೇಳಿ, ಇದು ಬಹಳ ಮುಖ್ಯ. ಪದ್ಧತಿ ಬದಲಾದ ಮೇಲೆ ಹಳೇ ಪಠ್ಯದ ಪ್ರಶ್ನೆಪತ್ರಿಕೆ ಎಷ್ಟೋ ವರ್ಷ ತೆಗೆಯುತ್ತಾ ಕೂರುವುದಿಲ್ಲ. ಮಾಮೂಲಾಗಿ ಕೆಲವು ಸಲ ಮಾತ್ರ ಅವಕಾಶ, ಆಮೇಲೆ ಹೊಸ ಪಠ್ಯದ ಸಮಾನ ಪತ್ರಿಕೆ ಬರೆಯಬೇಕು.

ಲೀಡ್ಸ್ ಅಮ್ಮ

ನಾನು ಇಂಗ್ಲೆಂಡಿನಲ್ಲಿದ್ದೇನೆ, ಮೂಲ ಹಾಸನ ಜಿಲ್ಲೆ. ಮಗಳು ಇಲ್ಲಿ ಎರಡನೇ ವರ್ಷದ ಡಿಗ್ರಿ. ಇದನ್ನೆಲ್ಲ ಓದುತ್ತಾ ಎಷ್ಟು ಒಂದೇ ಥರ, ಎಷ್ಟು ಬೇರೆ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ವರ್ಷಕ್ಕೆ 120 ಕ್ರೆಡಿಟ್, ಮೂರು ವರ್ಷಕ್ಕೆ 360. ಹತ್ತು ಗಂಟೆ ಓದಿದರೆ ಒಂದು ಕ್ರೆಡಿಟ್ ಅನ್ನೋದು ಲೆಕ್ಕ. ಪೇಪರ್ ಅನ್ನುವುದಿಲ್ಲ, ಮಾಡ್ಯೂಲ್ ಅಂತಾರೆ. ಕೆಲವು ಕಡ್ಡಾಯ, ಕೆಲವನ್ನು ನಾವೇ ಆರಿಸಬೇಕು. ಮುಂದಿನ ವರ್ಷದ ಮಾಡ್ಯೂಲ್‌ಗಳನ್ನು ಈ ವರ್ಷದ ವಸಂತದಲ್ಲೇ ಆನ್‌ಲೈನ್‌ನಲ್ಲಿ ಆರಿಸಬೇಕಿತ್ತು. ಮಗಳು ಇಷ್ಟಪಟ್ಟ ಒಂದು ಮಾಡ್ಯೂಲ್ ಸಿಗಲಿಲ್ಲ, ಯಾಕೆ ಅಂದರೆ ಅದಕ್ಕೆ ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರದ ಮಾಡ್ಯೂಲ್ ತಗೊಂಡಿರಬೇಕಿತ್ತು. ಅದನ್ನು ಅವಳು ಕಷ್ಟ ಅಂತ ಬಿಟ್ಟಿದ್ದಳು. ಅವತ್ತು ಸುಲಭದ್ದು ಆರಿಸಿದ್ದು ಮುಂದಿನ ವರ್ಷದ ಬಾಗಿಲು ಹಾಕಿತು. ನಿಮ್ಮ ತಂಗಿ ವಿಷಯ ಓದುವಾಗ ಅದೇ ನೆನಪಾಯಿತು.

ಪಾಸಿಗೆ 40. ಹೋದರೆ ಬೇಸಿಗೆಯ ಕೊನೆಗೆ ಮರುಪರೀಕ್ಷೆ ಇರುತ್ತದೆ, ಆದರೆ ಅದರಲ್ಲಿ 80 ತೆಗೆದರೂ ಸಾಮಾನ್ಯವಾಗಿ 40 ಅಂತಲೇ ಹಾಕುತ್ತಾರೆ. ಮೊದಲ ವರ್ಷದ ಅಂಕ ಬಹುತೇಕ ಕಡೆ ಡಿಗ್ರಿಯ ದರ್ಜೆಗೆ ಸೇರುವುದಿಲ್ಲ, ಪಾಸಾಗಬೇಕು ಅಷ್ಟೆ. ಹಾಗಂತ ಬಿಟ್ಟುಬಿಟ್ಟರೆ ಎರಡನೇ ವರ್ಷ ಏನೂ ಅರ್ಥವಾಗುವುದಿಲ್ಲ. ಇಲ್ಲಿ 70 ಬಂದರೆ ಮೊದಲ ದರ್ಜೆ, ಊರಿನಲ್ಲಿ ಹೇಳಿದರೆ "ಬರೀ 70ಆ" ಅಂತಾರೆ.

ನನಗೆ ಕಷ್ಟವಾದದ್ದು ಇನ್ನೊಂದು. ಹೋದ ಚಳಿಗಾಲ ಮಗಳಿಗೆ ಹುಷಾರಿರಲಿಲ್ಲ, ನಾನು ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ. ಅವಳ ಒಪ್ಪಿಗೆ ಇಲ್ಲದೆ ಅಮ್ಮನ ಹತ್ತಿರವೂ ಏನೂ ಮಾತಾಡುವುದಿಲ್ಲ ಅಂದರು. ಹದಿನೆಂಟು ದಾಟಿದ ಮೇಲೆ ಇಲ್ಲಿ ಹಾಗೆ. ಅನಾರೋಗ್ಯದ ಅರ್ಜಿಯನ್ನು ಅವಳೇ, ಕೊಟ್ಟ ದಿನಾಂಕದ ಒಳಗೆ ಹಾಕಬೇಕಿತ್ತು. ಜ್ವರದಲ್ಲೇ ಕೂತು ಹಾಕಿದಳು. ಹಾಗಾಗಿ ಹಳ್ಳಿ ಅಣ್ಣ ಅವರಿಗೆ ಒಂದು ಮಾತು: ನೀವು ಜೊತೆಗೆ ಹೋಗಿ, ಆದರೆ ಅರ್ಜಿ ಅವಳೇ ಬರೆಯಲಿ, ಮಾತೂ ಅವಳೇ ಆಡಲಿ. ಮೂರು ವರ್ಷದಲ್ಲಿ ಇಂಥ ಕಿಟಕಿಗಳ ಮುಂದೆ ಅವಳು ತುಂಬಾ ಸಲ ನಿಲ್ಲಬೇಕಾಗುತ್ತದೆ.

ಹಳ್ಳಿ ಅಣ್ಣ

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲವನ್ನೂ ತಂಗಿಗೆ ಓದಿ ಹೇಳಿದೆ. ಬಿಕಾಂ ತಮ್ಮನ 19 ಅಂಕದ ಕಥೆ ಕೇಳಿ ಅವಳು ತನ್ನ ವಿಶ್ವವಿದ್ಯಾಲಯದ ನಿಯಮಾವಳಿ ಹುಡುಕಿ ತೆಗೆದಳು, ಕನಿಷ್ಠ ಅಂಕದ ಪುಟವನ್ನು ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿಕೊಂಡಿದ್ದಾಳೆ.

ಇವತ್ತು ಬೆಳಗ್ಗೆ ಕಾಲೇಜಿಗೆ ಹೋಗಿದ್ದೆವು. ಲೀಡ್ಸ್ ಅಮ್ಮ ಹೇಳಿದ ಹಾಗೆ ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಮೊದಲು ಆಫೀಸಿನಲ್ಲಿ "ಆಗಲ್ಲಮ್ಮ, ಮುಗೀತು" ಅಂದರಂತೆ. ಅವಳು ಅಲ್ಲಿಂದ ನೇರ ಭೂಗೋಳ ವಿಭಾಗಕ್ಕೆ ಹೋಗಿದ್ದಾಳೆ. ಅಲ್ಲಿನ ಸರ್ ಹಾಜರಿ ಪುಸ್ತಕ ತೆರೆದು, ಮೂವರು ಮಕ್ಕಳು ಟಿಸಿ ತಗೊಂಡು ಹೋಗಿದ್ದಾರೆ, ಬಾ ಅಂದು ಅರ್ಜಿಯ ಮೇಲೇ ಬರೆದು ಸಹಿ ಹಾಕಿ ಕೊಟ್ಟರು. ಪ್ರಾಂಶುಪಾಲರು ಸಹಿ ಹಾಕುವಾಗ ಯಾಕಮ್ಮ ಭೂಗೋಳ ಅಂತ ಕೇಳಿದರಂತೆ, ಇವಳು ಹೈಸ್ಕೂಲ್ ಮೇಡಂ ಹೆಸರು ಹೇಳಿದ್ದಾಳೆ. ಕಂಪ್ಯೂಟರಿನಲ್ಲಿ ತಿದ್ದಲು ಶನಿವಾರದವರೆಗೆ ಸಮಯ ಇತ್ತು, ಸಂಜೆ ನಾಲ್ಕಕ್ಕೆ ಬದಲಾಯಿತು. ಮೊಬೈಲಿನಲ್ಲಿ ತೋರಿಸಿದಳು, ಮೂರು ವಿಷಯ ಸರಿಯಾಗಿವೆ.

ಈಗ ಒಂದೇ ತೊಂದರೆ. ಮೂರು ವಾರದ ಪ್ರಾಕ್ಟಿಕಲ್ ರೆಕಾರ್ಡ್ ಬಾಕಿ ಇದೆ, ನಕ್ಷೆಯ ಅಳತೆ ತೋರಿಸುವ ಮಾಪಕ ಬಿಡಿಸಬೇಕಂತೆ, ಸರಳ ಮಾಪಕ, ಕರ್ಣ ಮಾಪಕ. ಇವಳಿಗೆ ಲೆಕ್ಕ ಹೇಗೆ ಅಂತ ಗೊತ್ತಾಗುತ್ತಿಲ್ಲ. ಯಾರಾದರೂ ಹೇಳಿಕೊಡುತ್ತೀರಾ?

ಬಿ.ಎಡ್ ಮುಗಿಸಿದವಳು

ಅಣ್ಣ, ಬಹಳ ಸಂತೋಷ ಆಯಿತು! ನನ್ನ ಗೆಳತಿ ಭೂಗೋಳದಲ್ಲೇ ಎಂಎ ಮಾಡಿದವಳು, ಅವಳನ್ನು ಈ ಚರ್ಚೆಗೆ ಕರೆಯುತ್ತೇನೆ. ಅಲ್ಲಿಯವರೆಗೆ ಸರಳ ಮಾಪಕ ನಾನೇ ಹೇಳುತ್ತೇನೆ. 1:50,000 ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 50,000 ಸೆಂಟಿಮೀಟರ್, ಅಂದರೆ ಅರ್ಧ ಕಿಲೋಮೀಟರ್. ಹತ್ತು ಸೆಂಟಿಮೀಟರ್ ಗೆರೆ ಎಳೆದರೆ ಐದು ಕಿಲೋಮೀಟರ್. ಅದನ್ನು ಐದು ಸಮಭಾಗ ಮಾಡಲಿ, ಎಡಗಡೆಯ ಮೊದಲ ಭಾಗವನ್ನು ಮತ್ತೆ ಹತ್ತು ಮಾಡಿದರೆ ಒಂದೊಂದು ನೂರು ಮೀಟರ್. ಸೊನ್ನೆಯನ್ನು ಆ ಮೊದಲ ಭಾಗ ಮುಗಿಯುವಲ್ಲಿ ಹಾಕಬೇಕು, ಗೆರೆಯ ತುದಿಯಲ್ಲಿ ಅಲ್ಲ, ಎಲ್ಲರೂ ತಪ್ಪುವುದು ಅಲ್ಲೇ. ಚೂಪಾದ ಪೆನ್ಸಿಲ್ ತಗೊಳ್ಳಲಿ, ಎಚ್‌ಬಿ ಬೇಡ, 2ಎಚ್ ಇರಲಿ. ಬಿಡಿಸಿ ಫೋಟೋ ಹಾಕಲು ಹೇಳಿ, ನೋಡುತ್ತೇನೆ.